ಸ್ಟೇರಿಂಗಿನ ಒಂದು ಗೇಣು

ನಿಮ್ಮ ಹತ್ತಿರ ಒಂದು ತಪ್ಪೊಪ್ಪಿಕೊಂಡು ಮಾತು ಶುರು ಮಾಡುತ್ತೇನೆ. ನನ್ನ ಕಾರಿನ ಸ್ಟೇರಿಂಗ್ ಸವೆದಿದೆ ಎಂದು ಗೊತ್ತಿದ್ದೂ ಏಳು ವರ್ಷ ಅದನ್ನು ರಿಪೇರಿ ಮಾಡಿಸದೆ ಇದ್ದೆ. ದುಡ್ಡಿರಲಿಲ್ಲ ಅಂತಲ್ಲ, ಪುರುಸೊತ್ತಿರಲಿಲ್ಲ ಅಂತಲೂ ಅಲ್ಲ. ರಿಪೇರಿಯಾದ ಮಾರನೆಯ ದಿನವೇ ಹೆಂಡತಿಗೆ ಕಾರು ಕಲಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ನ್ಯಾಮತಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಡಾಕ್ಟರೊಬ್ಬರು ಹದಿನಾರು ವರ್ಷ ಓಡಿಸಿ ಬೇಸತ್ತ ಬೂದು ಬಣ್ಣದ ಕಾರೊಂದು ನನ್ನ ಪಾಲಿಗೆ ಬಂತು. ನಮ್ಮ ಬೀದಿಗೆಲ್ಲ ಅದೊಂದೇ ಕಾರು. ಹಾಗಾಗಿ ಅದನ್ನು ಹಳೆಯದು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅದರ ಸ್ಟೇರಿಂಗನ್ನು ಒಂದು ಗೇಣು ತಿರುಗಿಸುವ ತನಕ ಚಕ್ರಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಈ ಸಡಿಲಕ್ಕೆ ಮೆಕ್ಯಾನಿಕ್ಕುಗಳು ‘ಪ್ಲೇ’ ಅನ್ನುತ್ತಾರೆ. ಬೆಳಗ್ಗೆ ಕ್ಲಾಸಿನಲ್ಲಿ ಪ್ರತಿಯೊಂದು ಕ್ರಿಯೆಗೂ ಅದೇ ಗಳಿಗೆಯಲ್ಲಿ ಪ್ರತಿಕ್ರಿಯೆ ಇರುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಬರುತ್ತಿದ್ದೆ. ಸಂಜೆ ಕಾರಿನಲ್ಲಿ ಕೂತರೆ ಪ್ರತಿಕ್ರಿಯೆ ಸ್ವಲ್ಪ ಯೋಚನೆ ಮಾಡಿ ಬರುತ್ತಿತ್ತು.

ಇದರ ಲೆಕ್ಕ ನನಗೆ ಕರಗತವಾಗಿತ್ತು. ತಿರುವು ಇನ್ನೂ ದೂರವಿರುವಾಗಲೇ ಸ್ಟೇರಿಂಗನ್ನು ಒಂದು ಗೇಣು ತಿರುಗಿಸಿಟ್ಟುಕೊಳ್ಳುವುದು, ತಿರುವು ಮುಗಿಯುವ ಮೊದಲೇ ವಾಪಸು ತರುವುದು. ಹೊನ್ನಾಳಿಯಲ್ಲಿ ಬಸ್ಸು ಓಡಿಸುತ್ತಿದ್ದ ನನ್ನ ಗೆಳೆಯ ರುದ್ರಪ್ಪ ಒಮ್ಮೆ ಹಟ ಮಾಡಿ ಕೂತು, ನೂರು ಮಾರು ಹೋಗುವುದರೊಳಗೆ ಬೆವರಿ ಇಳಿದ. “ಇದನ್ನ ನೀವೇ ಓಡಿಸ್ಬೇಕು ನೋಡ್ರಿ ಮೇಷ್ಟ್ರೆ, ನಮ್ಮ ಕೈಲಿ ಆಗಲ್ಲ” ಅಂದ. ಅವನು ಬೈದದ್ದು. ನಾನು ಅದನ್ನು ಬಿರುದೆಂದು ತೆಗೆದುಕೊಂಡು ಸ್ಟಾಫ್ ರೂಮಿನಲ್ಲಿ ಒಂದು ವಾರ ಹೇಳಿಕೊಂಡು ತಿರುಗಿದೆ.

ನಮ್ಮ ಕಡೆ ರೈತರನ್ನು ನೋಡಿ. ಎತ್ತಿನ ಗಾಡಿಯ ಚಕ್ರ ಕಳಚದಂತೆ ತಡೆಯುವ ಕಡಾಣಿ ಸ್ವಲ್ಪ ಸವೆದರೂ ಸಾಕು, ಗಾಡಿ ನಿಲ್ಲಿಸಿ ಹೊಸದು ಹಾಕುತ್ತಾರೆ. ಸವೆದ ಕಡಾಣಿಯಲ್ಲಿ ಗಾಡಿ ಹೊಡೆಯುತ್ತೇನೆಂದು ಮೀಸೆ ತಿರುವಿದವನನ್ನು ನಾನು ಕಂಡಿಲ್ಲ. ಆ ಮಟ್ಟದ ದಡ್ಡತನಕ್ಕೆ ಬಿ.ಎಸ್ಸಿ., ಬಿ.ಎಡ್. ಆಗಿರಬೇಕು.

ನನ್ನ ಹೆಂಡತಿ ಗಿರಿಜ ಜಗಳೂರಿನವಳು. ಕಾರು ಬಂದ ದಿನವೇ, “ನಂಗೂ ಕಲಿಸ್ರಿ. ತವರಿಗೆ ಒಂದ್ಸಲ ನಾನೇ ಓಡಿಸ್ಕೊಂಡು ಹೋಗ್ಬೇಕು” ಅಂದಳು. “ಈ ಸ್ಟೇರಿಂಗ್‌ನಾಗೆ ಕಲಿಯಾಕೆ ಆಗಲ್ಲ, ರಿಪೇರಿ ಆಗ್ಲಿ, ಮಾರನೇ ದಿನಾನೇ ಕಲಿಸ್ತೀನಿ” ಅಂದೆ. ಅಂದು ಅದು ನಿಜವೇ ಆಗಿತ್ತು. ಎರಡನೆಯ ವರ್ಷದ ಹೊತ್ತಿಗೆ ಅದು ನನಗೆ ಅನುಕೂಲದ ನೆಪವಾಯಿತು. ಅವಳು ಆಗಾಗ ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನು ಬಿಟ್ಟಳು. ಎಡಗಡೆ ಸೀಟಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ರಸ್ತೆ ನೋಡುತ್ತಾ ಬರುತ್ತಿದ್ದಳು. ಅವಳು ಮರೆತಳೆಂದು ನಾನು ನೆಮ್ಮದಿಯಾಗಿದ್ದೆ.

ನನ್ನ ನೆಮ್ಮದಿ ಕೆಡಿಸಿದವನು ಒಬ್ಬ ಕುರಿ ಕಾಯುವವನು. ಏಳನೆಯ ವರ್ಷ ಒಮ್ಮೆ ಅವಳ ತವರಿಗೆ ಹೊರಟಿದ್ದೆವು. ಜಗಳೂರು ಇನ್ನೂ ನಾಲ್ಕೈದು ಮೈಲಿ ಇರುವಾಗ ರಸ್ತೆಗೆ ಅಡ್ಡಲಾಗಿ ಕುರಿ ಹಿಂಡು ಬಂತು. ನಾನು ಎಡಕ್ಕೆ ಎಳೆದೆ. ಕಾರು ಎಂದಿನಂತೆ ಯೋಚಿಸಿತು, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚು ತಿರುಗಿತು. ಒಂದು ಮರಿ ಕೂದಲೆಳೆಯಲ್ಲಿ ಉಳಿಯಿತು. ಅವನು ಮರಿಯನ್ನು ಎತ್ತಿ ಕಂಬಳಿಯೊಳಗೆ ಸೇರಿಸಿಕೊಂಡು ನಮ್ಮ ಹತ್ತಿರ ಬಂದ. “ಸ್ವಾಮಿ, ಕುರಿಗೂ ಒಂದು ದಾರಿ ಅಂತ ಐತೆ. ನಿಮ್ಮ ಗಾಡಿಗೆ ಅದೂ ಇಲ್ವಲ್ರೀ” ಅಂದ. ಗಿರಿಜ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಗಲಿಲ್ಲ. “ಬರೋ ಭಾನುವಾರ ಚನ್ನಗಿರಿಗೆ ಹೋಗೋಣ” ಅಂದಳು, ಅಷ್ಟೇ.

ಚನ್ನಗಿರಿಯಲ್ಲಿ ತಿಪ್ಪೇಶಿ ಎಂಬ ಕಾರು ರಿಪೇರಿಯ ಮೇಸ್ತ್ರಿ. ಹುಣಸೆಮರದ ಕೆಳಗೆ ಒಬ್ಬನೇ ಕೆಲಸ ಮಾಡುತ್ತಿದ್ದ. ಯಾವ ಕೀಲು ಸವೆದಿದೆ ಎಂದು ಪತ್ತೆ ಮಾಡಲು ಒಬ್ಬರು ಮೇಲೆ ಕೂತು ಸ್ಟೇರಿಂಗ್ ಅಲ್ಲಾಡಿಸಬೇಕು, ಇಬ್ಬರು ಕೆಳಗೆ ಮಲಗಿ ಎರಡೂ ಕಡೆಯ ಕೀಲುಗಳ ಮೇಲೆ ಬೆರಳಿಟ್ಟು ನೋಡಬೇಕಂತೆ. “ಅಕ್ಕಾರೆ, ನೀವು ಮೇಲೆ ಕುಂತ್ಕಳ್ರಿ. ಮೇಷ್ಟ್ರು ನನ್ನ ಜೊತೆ ಕೆಳಗೆ ಬರ್ಲಿ” ಅಂದ. ಹೀಗೆ ನನ್ನ ಹೆಂಡತಿ ಮೊಟ್ಟಮೊದಲು ಡ್ರೈವರ್ ಸೀಟಿನಲ್ಲಿ ಕೂತಾಗ ನಾನು ಗೋಣಿತಾಟಿನ ಮೇಲೆ ಅಂಗಾತ ಕಾರಿನ ಅಡಿ ಬಿದ್ದಿದ್ದೆ.

“ಸಾಕೇನ್ರೀ?” ಎಂದು ಮೇಲಿಂದ ಕೇಳಿದಳು. “ಸಾಕು” ಅಂದೆ. ಆದರೂ ಸ್ಟೇರಿಂಗ್ ಇನ್ನೂ ಐದಾರು ಸಲ ಎಡಕ್ಕೂ ಬಲಕ್ಕೂ ಆಡಿತು. ಗ್ರೀಸು ಕಣ್ಣಿಗೆ ಬೀಳದಂತೆ ನಾನು ಕಣ್ಣು ಮುಚ್ಚಿದ್ದೆ. ಅವಳ ಮುಖ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ತಿಪ್ಪೇಶಿ ಒಂದು ಕೀಲು ಬಿಚ್ಚಿ ನನ್ನ ಅಂಗೈಗೆ ಹಾಕಿದ. ಗೋಲಿಯ ಹಾಗೆ ಗುಂಡಗಿರಬೇಕಾದ ಅದರ ತಲೆ ಒಂದು ಕಡೆ ಸವೆದು ಹುಣಸೆಬೀಜದಂತಾಗಿತ್ತು. “ಇದನ್ನ ನಂಬ್ಕೊಂಡು ಅಕ್ಕಾರನ್ನ ಕೂರಿಸ್ಕೊಂಡು ಓಡಾಡ್ತಿದ್ರಾ ಮೇಷ್ಟ್ರೆ? ಇನ್ನೊಂದು ನಾಕು ಸಲ ಜಗಳೂರಿಗೆ ಹೋಗಿದ್ರೆ ಕಳಚಿ ಬೀಳ್ತಿತ್ತು” ಅಂದ. ಏಳು ವರ್ಷ ನಾನು ಜಾಣತನ ಅಂದುಕೊಂಡಿದ್ದು ಅಂಗೈಯಲ್ಲಿ ಕೂತಿತ್ತು. ನಿಜವಾಗಿ ನಾಚಿಕೆಯಾಯಿತು. ಗಿರಿಜ ಅದನ್ನು ತೆಗೆದುಕೊಂಡು, ಸೀರೆಯ ಸೆರಗಿಗೆ ಜಿಡ್ಡು ತಾಗದಂತೆ ಕಾಗದದಲ್ಲಿ ಸುತ್ತಿ ಕೈಚೀಲದೊಳಗಿಟ್ಟಳು.

ಸಂಜೆಯ ಹೊತ್ತಿಗೆ ಕೀಲು, ಬುಷ್ಷು ಎಲ್ಲ ಹೊಸದಾದವು. ದಾವಣಗೆರೆಯಲ್ಲಿ ಏನೋ ಕೆಲಸವಿತ್ತೆಂದು ಆ ಕಡೆ ಹೊರಟೆವು. ಕತ್ತಲಗೆರೆ ದಾಟುವ ಮೊದಲೇ ಒಂದು ತಿರುವು. ಅಭ್ಯಾಸಬಲದಿಂದ ದೂರದಲ್ಲೇ ಒಂದು ಗೇಣು ತಿರುಗಿಸಿದೆ. ಕಾರು ಈ ಸಲ ಯೋಚಿಸಲಿಲ್ಲ. ಹೇಳಿದ ಕೂಡಲೇ ಕೇಳಿ, ನೆಟ್ಟಗೆ ಗದ್ದೆಯ ಬದುವಿಗೆ ಹೋಗಿ ಮೂತಿ ಒರಗಿಸಿ ನಿಂತಿತು. ನಾಲ್ಕು ಜನ ಬಂದು ತಳ್ಳಿದರು. “ಹೊಸದಾಗಿ ಕಲಿಯಾಕತ್ತೀರೇನ್ರಿ?” ಎಂದು ಅವರಲ್ಲೊಬ್ಬ ಬಹಳ ಮರ್ಯಾದೆಯಿಂದ ಕೇಳಿದ.

ಕೊಟ್ಟ ಮಾತಿನಂತೆ ಮಾರನೆಯ ದಿನವೇ ಸ್ಕೂಲಿನ ಮೈದಾನದಲ್ಲಿ ಪಾಠ ಶುರುವಾಯಿತು. “ಮೊದಲೇ ತಿರುಗಿಸು, ಮೊದಲೇ ತಿರುಗಿಸು” ಎಂದು ನಾನು ಒದರುತ್ತಿದ್ದೆ. “ಮೊದಲೇ ಯಾಕ್ರೀ? ಈಗ ರಿಪೇರಿ ಆಗೈತಲ್ಲ” ಎಂದು ಅವಳು ಬೇಕಾದಾಗ ಮಾತ್ರ ತಿರುಗಿಸುತ್ತಿದ್ದಳು. ಮರೆಯಬೇಕಾದ್ದು ಅವಳಿಗೆ ಏನೂ ಇಲ್ಲವಲ್ಲ ಅಂದುಕೊಂಡೆ. ಹನ್ನೊಂದನೆಯ ದಿನಕ್ಕೆ ನನಗೆ ಹೇಳಿಕೊಡಲು ಏನೂ ಉಳಿಯಲಿಲ್ಲ. ಲೈಸೆನ್ಸಿನ ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾದಳು. ನಾನು ಎರಡು ಸಲ ತೆಗೆದುಕೊಂಡಿದ್ದೆ ಅನ್ನುವುದು ನಮ್ಮಿಬ್ಬರಲ್ಲೇ ಇರಲಿ.

ಆ ದೀಪಾವಳಿಗೆ ಗಿರಿಜ ಕಾರು ಓಡಿಸಿಕೊಂಡು ತವರಿಗೆ ಹೊರಟಳು. ನಾನು ಎಡಗಡೆ ಸೀಟಿನಲ್ಲಿ, ಕೈಚೀಲ ನನ್ನ ತೊಡೆಯ ಮೇಲೆ. ಜಗಳೂರು ಹತ್ತಿರವಾದಾಗ ಮತ್ತೆ ಕುರಿ ಹಿಂಡು. ಅವಳು ನಿಧಾನ ಮಾಡಿ, ರಸ್ತೆಯ ಅಂಚು ಹಿಡಿದು, ಒಂದು ಕುರಿಯೂ ಬೆದರದಂತೆ ದಾಟಿಸಿದಳು. ಅದೇ ಕಂಬಳಿ, ಅದೇ ಮನುಷ್ಯ. “ಈಗ ಸರಿ ಆತು ನೋಡ್ರಿ ಗಾಡಿ” ಅಂದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಗಾಡಿ ಅಷ್ಟೇ ಅಲ್ಲಪ್ಪ, ಡ್ರೈವರೂ ಬೇರೆ! ನಮ್ಮ ಮನೆಯೋರು!” ಎಂದು ಕೂಗಿ ಹೇಳಿದೆ. ರುದ್ರಪ್ಪನ ಬಿರುದಿನಿಂದ ಉಬ್ಬಿದ್ದಕ್ಕಿಂತ ಹತ್ತು ಪಾಲು ಹೆಚ್ಚು ಉಬ್ಬಿದ್ದೆ.

“ತಲೆ ಒಳಗೆ ತಗೊಳ್ರಿ, ಲಾರಿ ಬರ್ತೈತೆ” ಅಂದಳು ಗಿರಿಜ.

ಲಾರಿ ಹೋಯಿತು. ಮುಂದೆ ಒಂದು ತಿರುವಿತ್ತು. ಅದು ಇನ್ನೂ ದೂರವಿರುವಾಗಲೇ ಕೈಚೀಲದ ಮೇಲಿದ್ದ ನನ್ನ ಎರಡೂ ಕೈ ತಮ್ಮಷ್ಟಕ್ಕೆ ತಾವೇ ಒಂದು ಗೇಣು ತಿರುಗಿದವು. ಅವಳು ಓರೆಗಣ್ಣಿನಲ್ಲಿ ನೋಡಿದ್ದು ಗೊತ್ತಾಗಿ ನಾಚಿ ಕೈ ಕಟ್ಟಿಕೊಂಡೆ.

“ಇರ್ಲಿ ಬಿಡ್ರಿ” ಅಂದಳು. “ಅಲ್ಲಿ ಕುಂತು ಏಳು ವರ್ಷ ನಾನೂ ಹಂಗೇ ತಿರುಗಿಸೀನಿ. ನೀವು ನೋಡ್ಲಿಲ್ಲ.”