ಒಳಗೆ ಬಿಡದ ಎರಡು ಬೆರಳು ಬಟ್ಟೆ

“ನಮ್ಮ ಬ್ಯಾಂಡಿಗೆ ಲಾಸ್ಟ್ ಬಸ್ ಅಂತ ಹೆಸರಿಟ್ಟಿದ್ದೇ ನಾನು, ಗೊತ್ತಾ? ಕಾಕ್ಸ್ ಟೌನಲ್ಲಿ ಬೇಕರಿ ಹಿಂದಿನ ಶೆಡ್ಡಲ್ಲಿ ಪ್ರಾಕ್ಟೀಸು. ಬನ್ನು ಬೇಯೋ ವಾಸನೆ, ನಮಗೋ ಹಸಿವು, ಮುನಿರಾಜು ಡ್ರಮ್ ಬಡಿಯೋದು ನಿಲ್ಸೋನೇ ಅಲ್ಲ. ಆಮೇಲೆ ಶಿವಾಜಿನಗರಕ್ಕೆ ಓಡಿ ಕೊನೇ ಬಸ್ ಹಿಡೀಬೇಕು. ಊರೋರೆಲ್ಲ ಹೊಸ ಥರ ನುಡಿಸ್ತಿದ್ರೆ ನಾವು ಮಾತ್ರ ನಮ್ಮಪ್ಪಂದಿರ ಕಾಲದ ರಾಕು, ಅದೂ ಕನ್ನಡದಲ್ಲಿ. ಉದ್ದ ಕಾಲರ್ರು, ಬೆಲ್ ಬಾಟಮ್ಮು. ಜನ ನಗೋರು. ಚರ್ಚ್ ಹಾಲಲ್ಲಿ ನುಡಿಸಿದ್ವಿ, ರಿಸೆಪ್ಷನ್‌ಗಳಲ್ಲಿ ನುಡಿಸಿದ್ವಿ, ಒಂದ್ಸಲ ಹುಡುಗಿ ಕಡೆಯೋರು ಕರೆಂಟೇ ತೆಗೆದ್ಬಿಟ್ರು. ಯಾವ ಕಂಪನೀನೂ ನಮ್ಮನ್ನ ಕೇಳ್ಲಿಲ್ಲ, ನಾವೂ ಯಾರನ್ನೂ ಕೇಳ್ಲಿಲ್ಲ, ನಮ್ಮ ಹಾಡು ನಾವೇ ರೆಕಾರ್ಡ್ ಮಾಡ್ಕೊಂಡ್ವಿ. ಈಗ ಎಲ್ಲರ ಫೋನಲ್ಲೂ ಇದೆಯಲ್ಲ, ‘ಟಿನ್ ಫ್ಯಾಕ್ಟರಿ’ ಹಾಡು, ಅದರ ಶುರುವಿನ ಗಿಟಾರ್ ನಂದು. ಟಿನ್ ಫ್ಯಾಕ್ಟರಿ ಹತ್ರ ಬಸ್ ಸಿಕ್ಕಾಕ್ಕೊಂಡು ನಿಂತಿದ್ದಾಗ ತಲೇಲಿ ಬಂತು. ಮರೆತ್ಬಿಡ್ತೀನಿ ಅಂತ ಮನೆವರೆಗೂ ಬಾಯಿ ಬಿಡದೆ ಗುನುಗ್ತಾನೇ ಬಂದೆ. ಇವಳು ಹಲ್ಲುನೋವು ಅಂದ್ಕೊಂಡು ಲವಂಗ ತಂದಿಟ್ಳು. ಈಗ ಅದನ್ನ ನುಡ್ಸೋನು ಸುಗತ. ಕೇಳೋರೆಲ್ಲ ಅವಂದೇ ಅಂದ್ಕೊಂಡಿದ್ದಾರೆ.”

ಮರ್ಫಿ ಟೌನಿನ ತನ್ನ ಟೈಲರ್ ಅಂಗಡಿಯ ಬೆಂಚಿನ ಮೇಲೆ ಯಾರು ಬಂದು ಕೂತರೂ ಅಂಜನಮೂರ್ತಿ ಇದಿಷ್ಟನ್ನೂ ಹೇಳುತ್ತಿದ್ದ. ಕುಬಸದ ಅಳತೆ ಕೊಡಲು ಬಂದವರೂ ಕೇಳಿಸಿಕೊಂಡೇ ಹೋಗಬೇಕು. ಒಳಗೆ ಕೂತು ಕಾಜಾ ಗುಂಡಿ ಹಾಕುತ್ತಿದ್ದ ಹೆಂಡತಿ ಶಾಂತಕುಮಾರಿಗೆ ಯಾವ ಮಾತಿಗೆ ಅವನ ಕತ್ತರಿ ನಿಲ್ಲುತ್ತದೆ ಎನ್ನುವುದೂ ಬಾಯಿಪಾಠವಾಗಿತ್ತು. ಸುಗತ ಅನ್ನುವಾಗ ನಿಲ್ಲುತ್ತಿತ್ತು.

ಅಪ್ಪನ ಕಣ್ಣು ಮಂಜಾಗಿ ಅಂಗಡಿ ಇವನ ತಲೆಗೆ ಬಂದಾಗ, “ಆರು ತಿಂಗಳು ತಡಕೊಳ್ರೋ, ಬರ್ತೀನಿ” ಎಂದು ಗಿಟಾರನ್ನು ಮೂಲೆಗಿಟ್ಟಿದ್ದ. ಆ ಆರು ತಿಂಗಳಿಗೆಂದು ಮುನಿರಾಜು ಹಲಸೂರಿನಿಂದ ಕರೆತಂದ ಹುಡುಗನೇ ಸುಗತ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಸುಗತನ ಗಡ್ಡದಲ್ಲೂ ಒಂದೆರಡು ಬಿಳಿ ಕೂದಲು ಬಂದವು. ಬಾ ಎಂದು ಅವರು ಕರೆಯಲಿಲ್ಲ, ಬರಲೇ ಎಂದು ಇವನೂ ಕೇಳಲಿಲ್ಲ. ಅಂದು ನಕ್ಕ ಜನವೇ ಈಗ ಹಳೇ ಕಾಲದ್ದು ಎಷ್ಟು ಚೆಂದ ಅನ್ನುತ್ತಿತ್ತು. ಬ್ಯಾಂಡಿಗೆ ಬಿಡುವಿಲ್ಲ. ಅವರ ಬೆಲ್ ಬಾಟಮ್ ಮಾತ್ರ ಇವನೇ ಹೊಲಿಯಬೇಕು. ಮೊಣಕಾಲಿನ ತನಕ ಹಿಡಿದು, ಕೆಳಗೆ ಬಿಟ್ಟುಕೊಡುವ ಆ ಹಳೇ ಕಟಿಂಗು ಬೇರೆಯವರ ಕೈಗೆ ಕೂಡುತ್ತಿರಲಿಲ್ಲ.

ಇಂದಿರಾನಗರದಲ್ಲಿ ಭಾನುವಾರ ಸಂಜೆ ದೊಡ್ಡ ಪ್ರೋಗ್ರಾಂ ಎಂದು ಮುನಿರಾಜು ಬಟ್ಟೆ ತಂದ. ಕಂದು ಬಣ್ಣದ ದಪ್ಪ ಬಟ್ಟೆ.

“ಮಗಾ, ಸುಗತನ ಪ್ಯಾಂಟ್ ಸೂಪರಾಗಿರ್ಬೇಕು. ನಿನ್ನ ಆ ಪೀಸ್ ಬರುವಾಗ ಮಂಡಿ ಊರ್ತಾನಲ್ಲ, ಜನ ಹುಚ್ಚೆದ್ದು ಹೋಗ್ತಾರೆ ಗುರು. ಆ ಮಂಡಿಗೇ ಜನ ಬರೋದು.”

“ಮಂಡಿಗಾ?” ಎಂದ ಅಂಜನಮೂರ್ತಿ. “ಗಿಟಾರ್‌ಗಲ್ವಾ?”

“ಎರಡಕ್ಕೂ ಅನ್ಕೋ” ಎಂದು ಮುನಿರಾಜು ನಗುತ್ತಾ ಹೋದ.

ಇವನು ನಿಂತೇ ನುಡಿಸುತ್ತಿದ್ದವನು. ಕಣ್ಣು ಮುಚ್ಚಿ, ಗೋಡೆಗೆ ಒರಗಿದವನ ಹಾಗೆ. ಆಗ ಯಾರೂ ಹುಚ್ಚೆದ್ದಿರಲಿಲ್ಲ.

ಅವತ್ತು ಬಟ್ಟೆ ಕತ್ತರಿಸುವಾಗ ಅಂಜನಮೂರ್ತಿ ಅಪ್ಪ ಕಲಿಸಿದ ಮೊದಲ ಪಾಠವನ್ನೇ ಬಿಟ್ಟ. ಮನುಷ್ಯ ದಪ್ಪವಾಗುತ್ತಾನೆ, ಬಗ್ಗುತ್ತಾನೆ, ಕೂರುತ್ತಾನೆ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕು. ಸುಗತನ ಪ್ಯಾಂಟಿನ ಹಿಂಭಾಗದಲ್ಲಿ ಅವನು ಅಷ್ಟನ್ನೂ ಕತ್ತರಿಸಿ ಹಾಕಿದ. ಮೇಲೆ ಒಂದೇ ಒಂದು ಸಾಲು ಹೊಲಿಗೆ ಓಡಿಸಿದ.

ಕೊಕ್ಕೆ ಹಾಕಲು ಪ್ಯಾಂಟು ಕೈಗೆ ಬಂದಾಗ ಶಾಂತಕುಮಾರಿ ಅದನ್ನು ಮಗುಚಿ ನೋಡಿದಳು.

“ರೀ, ಒಳಗೆ ಬಟ್ಟೆನೇ ಬಿಟ್ಟಿಲ್ವಲ್ರೀ?”

“ಬಟ್ಟೆ ಸಾಲ್ಲಿಲ್ಲ.”

“ಮುನಿರಾಜು ಪ್ಯಾಂಟಲ್ಲಿ ಬಿಟ್ಟಿದ್ದೀರ.”

“ಕೊಕ್ಕೆ ಹಾಕೇ ಶಾಂತಾ, ಸುಮ್ನೆ.”

ಅವಳು ಕೊಕ್ಕೆ ಹಾಕಿದಳು. ಮೇಜಿನ ಕೆಳಗೆ ಬಿದ್ದಿದ್ದ ಕಂದು ಚೂರುಗಳನ್ನು ಮಾತ್ರ ಕಸಕ್ಕೆ ಹಾಕಲಿಲ್ಲ.

ಭಾನುವಾರ ಅಂಜನಮೂರ್ತಿ ಇಸ್ತ್ರಿ ಅಂಗಿ ತೊಟ್ಟು ಹೋದ. ಜನದ ನಡುವೆ ನುಗ್ಗಿ ಮುಂದೆ ನಿಂತ. ‘ಟಿನ್ ಫ್ಯಾಕ್ಟರಿ’ ಶುರುವಾಯಿತು. ಇವನ ಕಣ್ಣು ಸುಗತನ ಪ್ಯಾಂಟಿನ ಮೇಲೆಯೇ. ಈಗ ಬಗ್ಗುತ್ತಾನೆ, ಈಗ ಊರುತ್ತಾನೆ. ಸುಗತ ಮಂಡಿ ಊರಿದ. ಬಟ್ಟೆ ಹರಿದದ್ದು ಡ್ರಮ್ಮಿನ ಸದ್ದಿನಲ್ಲಿ ಕೇಳಿಸಲಿಲ್ಲ. ಸುಗತ ಎದ್ದ, ಹಿಂದೆ ಗಾಳಿ ತಾಗಿದಂತಾಗಿ ಒಂದು ಗಳಿಗೆ ಪೆಚ್ಚಾದ. ಮರುಗಳಿಗೆಯೇ ಮುನಿರಾಜುವಿನ ಬೆವರು ಒರೆಸುವ ಟವೆಲ್ಲನ್ನು ಎಳೆದು ಲುಂಗಿಯ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಮಂಡಿ ಊರಿದ!

ಶಿಳ್ಳೆಯೋ ಶಿಳ್ಳೆ. ಹುಡುಗರು ತಮ್ಮ ಜಾಕೆಟ್ಟುಗಳನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಕುಣಿದರು. ಫೋನುಗಳೆಲ್ಲ ಮೇಲೆದ್ದವು. ಇಷ್ಟು ದಿನ ಮಂಡಿ ಅವನದಾಗಿತ್ತು, ಈಗ ಹರಿದದ್ದೂ ಅವನದೇ ಆಯಿತು. ಅಂಜನಮೂರ್ತಿ ಜನವನ್ನು ಸರಿಸಿಕೊಂಡು ಹೊರಬಂದ. ಹಲಸೂರಿನವರೆಗೆ ನಡೆದ ಮೇಲೆ ಅವನಿಗೆ ಹೊಳೆಯಿತು: ಹೊಲಿಗೆ ನೋಡುವ ಭರದಲ್ಲಿ ತನ್ನ ಗಿಟಾರಿನ ಪೀಸನ್ನು ಕೇಳಿಸಿಕೊಂಡೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಸುಗತನೇ ಪ್ಯಾಂಟನ್ನು ಕವರಿನಲ್ಲಿ ಸುತ್ತಿಕೊಂಡು ಬಂದ.

“ಅಣ್ಣಾ, ತಪ್ಪು ನಂದೇ. ದಪ್ಪ ಆಗ್ಬಿಟ್ಟಿದ್ದೀನಿ. ಬಿರಿಯಾನಿ ಬಿಡ್ಬೇಕು.”

ಅಂಜನಮೂರ್ತಿ ಹರಿದ ಜಾಗವನ್ನೇ ನೋಡುತ್ತಿದ್ದ. “ನಿನ್ನೆ ಪ್ರೋಗ್ರಾಂ?”

“ಅಯ್ಯೋ, ನೀವು ಇರ್ಬೇಕಿತ್ತು ಅಣ್ಣಾ. ನಿಮ್ಮ ಪೀಸ್ ಬಂದಾಗ ಈಗ್ಲೂ ಬೆರಳು ತಪ್ಪತ್ತೆ ಅಂತ ಭಯ. ಗಿಟಾರನ್ನ ತೊಡೆ ಮೇಲೆ ಇಟ್ಕೊಳ್ಳೋಕೇ ಮಂಡಿ ಊರೋದು. ನಿಂತ್ಕೊಂಡು ನುಡಿಸೋಕೆ ನಂಗೆ ಬರಲ್ಲ.”

“ಹರಿದಿದ್ದನ್ನೇ ಜನ ಇಷ್ಟಪಟ್ರಂತೆ?”

“ಮುನಿರಾಜಣ್ಣ ಪ್ರತಿ ಸಲ ಹರ್ಕೋ ಅಂತಾನೆ! ನಂಗೆ ಮಾನ ಬೇಡ್ವಾ? ಗಟ್ಟಿಯಾಗಿ ಹೊಲ್ಕೊಡಿ.”

ಸುಗತ ಹೋದ. ಹರಿದ ಎರಡು ಅಂಚನ್ನು ಕೂಡಿಸಲು ಒಳಗೆ ಬಟ್ಟೆ ಎಲ್ಲಿದೆ? ಅಂಜನಮೂರ್ತಿ ಎಳೆದು ನೋಡಿದ, ಸಾಲಲಿಲ್ಲ. ಶಾಂತಕುಮಾರಿ ಗುಂಡಿಯ ಡಬ್ಬಿಯಿಂದ ಕಂದು ಚೂರುಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

“ಬೇಕಾಗತ್ತೆ ಅಂತ ಗೊತ್ತಿತ್ತು.”

“ನಿಂಗೆ ಎಲ್ಲಾ ಗೊತ್ತು” ಎಂದು ಸಿಡುಕಿದ. ಚೂರನ್ನು ಪಟ್ಟಿಯಾಗಿ ಕೊಟ್ಟು, ಒಳಗೆ ಎರಡು ಬೆರಳು ಬಿಟ್ಟು, ಮೂರು ಸಾಲು ಹೊಲಿದ. ಪಟ್ಟಿ ಹೊರಗೆ ಕಾಣಬಾರದೆಂದು ಎರಡು ಸಲ ಬಿಚ್ಚಿ ಹೊಲಿದ. ಅವನ ಮುಖ ಮಾತ್ರ ತಿಳಿಯಾಗಲಿಲ್ಲ.

“ರೀ, ನೀರು ಬಂತು!” ಎಂದು ಶಾಂತಕುಮಾರಿ ಕೂಗಿದಳು.

ಪ್ಯಾಂಟನ್ನು ಮಿಷಿನ್ನಿನ ಮೇಲೆಯೇ ಬಿಟ್ಟು ಎದ್ದು ಹೋಗಿ ನಲ್ಲಿಯ ಕೆಳಗೆ ಕೊಡ ಇಟ್ಟ. ನೀರು ಬೀಳುತ್ತಿದ್ದಂತೆ ತನಗೆ ತಿಳಿಯದೆಯೇ ತನ್ನ ಆ ಗಿಟಾರಿನ ಪೀಸನ್ನು ಗುನುಗತೊಡಗಿದ. ಅರ್ಧಕ್ಕೆ ಬಂದಾಗ ಬಾಯಿ ನಿಂತಿತು. ಆ ಎಳೆತ, ಆ ತಿರುವು ತನ್ನದಾಗಿರಲಿಲ್ಲ. ಸುಗತ ನುಡಿಸುವ ಹಾಗೆಯೇ ಗುನುಗುತ್ತಿದ್ದ.

ಕೊಡ ತುಂಬಿ ಚೆಲ್ಲಿತು. ಅದನ್ನು ಸರಿಸಿ ಇನ್ನೊಂದನ್ನು ಇಟ್ಟ.