ಸೂಗಮ್ಮನ ಹುಳಿ ದ್ರಾಕ್ಷಿ

ಗುಂಡಗುರ್ತಿಯ ಸೂಗಮ್ಮನಿಗೆ ಗಂಡ ನೆಟ್ಟುಹೋದ ದ್ರಾಕ್ಷಿ ಚಪ್ಪರವೆಂದರೆ ಜೀವ. ಎರಡು ತಳಿ ಕೂಡಿಸಿ ಮಾಡಿದ ಬಳ್ಳಿಯದು. ಅದರ ಹೆಸರು ಊರಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಕರ್ರಗಿನ ಹಣ್ಣು, ದಪ್ಪ ಸಿಪ್ಪೆ, ಒಳಗೆ ಮೂರು ಬೀಜ, ಹುಳಿ. ಕಾಳಗಿ ಸಂತೆಯಲ್ಲಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡವರು ಎರಡನೆಯದಕ್ಕೆ ಕೈ ಚಾಚುತ್ತಿರಲಿಲ್ಲ.

ಮೈದುನ ಸಿದ್ದಣ್ಣನದು ದಿನವೂ ಒಂದೇ ರಾಗ. "ವೈನಿ, ಕಿತ್ತು ಒಗೀರಿ. ತೊಗರಿ ಬಿತ್ತೂಣು."

ಹೀಗಿರುವಾಗ ಕಲಬುರಗಿಯಿಂದ ರತ್ನದೀಪನೆಂಬ ವೈನ್ ಮಾಡುವವನು ಬಂದ. ಯಾರಿಗೂ ಗೊತ್ತಿಲ್ಲದ ಇಂಥ ತಳಿಗಳನ್ನೇ ಅವನು ಹುಡುಕಿಕೊಂಡು ತಿರುಗುತ್ತಿದ್ದನಂತೆ. ಹಣ್ಣು ಹಿಸುಕಿ ಆರು ಗಾಜಿನ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದ.

"ಯವ್ವಾ, ನೊರಿ ಬರ್ತದ, ಬರ್ಲಿ. ಯಾರೂ ಮುಟ್ಟಬ್ಯಾಡ್ರಿ. ರುಚಿ ಕೂಡಿತಂದ್ರ ವರ್ಷಾ ವರ್ಷಾ ಹಣ್ಣು ನಾನೇ ಒಯ್ತೀನಿ."

"ಕೂಡ್ಲಿಲ್ಲಂದ್ರ ಅವತ್ತೇ ಬಳ್ಳಿ ಕೀಳ್ತೀನಿ," ಎಂದ ಸಿದ್ದಣ್ಣ.

ಸೂಗಮ್ಮ ಜಾಡಿಯ ಹತ್ತಿರವೂ ಸುಳಿಯಲಿಲ್ಲ. ಆದರೆ ಮೂರು ದಿನ ಶಹಾಬಾದಿನ ತಂಗಿಯ ಮನೆಗೆ ಹೋಗಿ ಬಂದು ನೋಡುತ್ತಾಳೆ, ಆರೂ ಜಾಡಿ ಅಂಗಳದ ಬಿಸಿಲಲ್ಲಿ ಸಾಲಾಗಿ ಕೂತಿವೆ!

"ಭಾಗ್ಯಾ, ಏನಿದು?"

ಸೊಸೆ ಭಾಗ್ಯಜ್ಯೋತಿ ಹೆಮ್ಮೆಯಿಂದ ಬಂದಳು. "ಬುಸುಬುಸು ಅನ್ಲಿಕತ್ತಿತ್ತರಿ ಅತ್ತಿ. ಕೆಟ್ಟೀತಂತ ಉಪ್ಪು ಹಾಕಿ ಬಿಸಲಿಗಿಟ್ಟೀನಿ. ನೀವೇ ಕಲಿಸಿದ್ರಲ್ಲ?"

"ನಾ ಕಲಿಸಿದ್ದು ಮಾವಿನಕಾಯಿಗೆ! ಎಷ್ಟು ಹಾಕೀದಿ?"

"ಜಾಡಿಗೊಂದು ಹಿಡಿ."

"ಆರಕ್ಕೂ?"

"ಐದಕ್ಕರಿ. ಉಪ್ಪು ಮುಗೀತು. ರಶೀದಾಬೇಗಂ ಮನಿಗೆ ಕೇಳ್ಲಿಕ್ಕ ಹೊಂಟಿದ್ದೆ, ನೀವು ಬಂದ್ರಿ."

ಸೂಗಮ್ಮ ತಲೆ ಚಚ್ಚಿಕೊಂಡು, ಉಳಿದೊಂದು ಜಾಡಿಯನ್ನು ಎದೆಗವಚಿ ಒಳಕೋಣೆಗೆ ಒಯ್ದಳು. ಅಂದಿನಿಂದ ಆ ಕೋಣೆಯ ಬಾಗಿಲಲ್ಲೇ ಅವಳ ಹಾಸಿಗೆ.

ಇಪ್ಪತ್ತು ದಿನಕ್ಕೆ ರತ್ನದೀಪ ಬಂದ. ಸೂಗಮ್ಮ ನಡೆದದ್ದನ್ನು ಇದ್ದಂತೆ ಹೇಳಿದಳು. ಆದರೂ ಅವನು ಉಪ್ಪಿನದನ್ನು ಬಾಯಿಗಿಟ್ಟು ಅಂಗಳಕ್ಕೆ ಓಡಿ ಉಗುಳಿ ಬಂದ. ಆಮೇಲೆ ಕೋಣೆಯೊಳಗಿನ ಜಾಡಿಯದನ್ನು ಲೋಟಕ್ಕೆ ಬಗ್ಗಿಸಿ ಗುಟುಕರಿಸಿ, ಇನ್ನೊಮ್ಮೆ ಗುಟುಕರಿಸಿದ.

ಹೆಗಲ ಮೇಲೆ ಕೊಡಲಿ ಹೊತ್ತು ನಿಂತಿದ್ದ ಸಿದ್ದಣ್ಣ ಕೈ ಚಾಚಿದ. "ಇದಕ್ಕೂ ಉಪ್ಪು ಬಿದ್ದದೇನ ನೋಡ್ತೀನಿ, ತಾ." ಒಂದು ಗುಟುಕು. "ಗೊತ್ತಾಗವಲ್ದು." ಇನ್ನೊಂದು. ಮತ್ತೊಂದು. "ಇಲ್ಲ, ಉಪ್ಪಿಲ್ಲ."

"ಕಾಕಾ, ಖಾಲಿ ಮಾಡಬ್ಯಾಡ್ರಿ!" ರತ್ನದೀಪ ಲೋಟ ಕಸಿದುಕೊಂಡ. "ಯವ್ವಾ, ಇಂಥಾ ರುಚಿ ನಾ ಎಲ್ಲೂ ನೋಡಿಲ್ಲ. ಹಣ್ಣು ಯಾರಿಗೂ ಕೊಡಬ್ಯಾಡ್ರಿ."

ಸೂಗಮ್ಮ ಮೈದುನನ ಕಡೆ ತಿರುಗಿದಳು. "ಕೊಡ್ಲಿ ಯಾಕ ತಂದೀದಿ?"

"ಚಪ್ಪರದ ಗೂಟ ಸಡಲ್ಯಾವಲ್ಲ ವೈನಿ, ಬಡಿಯೂಣಂತ."

"ಹಂಗಾರ ಬಡಿ. ನಿಂತೇನು ನೋಡ್ತಿ?"