ಗಂಡನ ಹೆಸರು ಕೂಗಿದ ಕಾವೇರಮ್ಮ

ಚನ್ನಪಟ್ಟಣದ ನಮ್ಮ ಗೊಂಬೆ ಷೆಡ್ಡಿನ ಮ್ಯಾನೇಜರನದು ಒಂದು ಸಿದ್ಧಾಂತ: ಗಂಡ ಹೆಂಡತಿ ಇಬ್ಬರನ್ನೂ ಕೆಲಸಕ್ಕಿಟ್ಟುಕೊಂಡರೆ ನೆಂಟರ ಒಂದು ತಿಥಿಗೆ ಎರಡು ಯಂತ್ರ ನಿಲ್ಲುತ್ತವೆ. ಆ ಮಹಾನುಭಾವನ ಸ್ವಂತ ಹೆಂಡತಿ ಅದೇ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಫೋನ್ ನೋಡುತ್ತಿದ್ದಳು. ನಿಯಮವೇನಿದ್ದರೂ ಅರಗು ಹಚ್ಚುವ ನಮ್ಮಂಥವರಿಗೆ.

ಹೊಂಗನೂರಿನ ಕಾವೇರಮ್ಮ, ಅವಳ ಗಂಡ ಬೋರಲಿಂಗಯ್ಯ ಅದನ್ನು ತಿಳಿದುಕೊಂಡೇ ಬೇರೆ ಬೇರೆ ದಿನ ಗೇಟಿಗೆ ಬಂದರು. ಒಬ್ಬರ ಸಂಬಳದಲ್ಲಿ ಮಗಳು ಧನುಶ್ರೀಯ ನರ್ಸಿಂಗ್ ಓದು ಸಾಗುವಂತಿರಲಿಲ್ಲ. ಅವನು "ಹೆಂಡ್ರು ಊರಲ್ಲವ್ಳೆ ಸಾ" ಅಂದ. ಅವಳು "ಯಜಮಾನ್ರು ಹೊಲ ನೋಡ್ಕತರೆ" ಅಂದಳು. ಮದುವೆಯಾಗುವಾಗ ಊರಿಗೆಲ್ಲ ಊಟ ಹಾಕಿ ಡಂಗುರ ಸಾರಬೇಕು, ಕೂಲಿ ಕೇಳುವಾಗ ಅದನ್ನೇ ಮುಚ್ಚಿಡಬೇಕು. ಎಂಥ ನ್ಯಾಯ!

ಕಾವೇರಮ್ಮ ಚುರುಕು, ಬೇಗನೆ ಸೂಪರ್‌ವೈಸರ್ ಆದಳು. ಬೋರಲಿಂಗಯ್ಯ ಮುಖ ಗಂಟಿಕ್ಕಿಕೊಂಡು ಮರ ಹೊರುತ್ತಲೇ ಉಳಿದ. ಯಂತ್ರಗಳ ಗದ್ದಲದ ನಡುವೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿ ಊಟಕ್ಕೆ ಬಿಡುವುದು ಅವಳ ಪಾಲಿನ ಕೆಲಸವಾಯಿತು. "ಲೋಕೇಶಾ! ಫಿರೋಜಾ!" ಎಂದು ಗಂಟಲು ಹರಿಯುವಂತೆ ಕೂಗುವವಳು ಗಂಡನ ಸರದಿ ಬಂದಾಗ ಮಾತ್ರ ಮೆತ್ತಗೆ, "ರೀ, ಮರ ಹೊರೋರೇ" ಅನ್ನುತ್ತಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆಂದು ಅತ್ತೆ ಕಲಿಸಿದ್ದಳಂತೆ.

ಒಂದು ದಿನ ಮ್ಯಾನೇಜರ್ ಅಲ್ಲೇ ನಿಂತಿದ್ದ. "ಅವನಿಗೆ ಹೆಸರಿಲ್ವೇನಮ್ಮ? ಹೆಸರು ಹೇಳಿ ಕರಿ" ಅಂದ. ಕಾವೇರಮ್ಮ ತಲೆ ತಗ್ಗಿಸಿ ಸೆರಗಿನ ತುದಿ ಕಚ್ಚಿದಳು. ಮ್ಯಾನೇಜರನ ಅಮ್ಮನೂ ಗಂಡನ ಹೆಸರು ಕೇಳಿದರೆ ಹಾಗೆಯೇ ಸೆರಗು ಕಚ್ಚಿದವಳಿರಬೇಕು, ಅವನಿಗೆ ತಟ್ಟನೆ ಅರ್ಥವಾಯಿತು.

"ಓಹೋ, ಗಂಡ ಹೆಂಡ್ತಿನಾ! ಇಬ್ಬರಲ್ಲಿ ಒಬ್ಬರು ಈಗ್ಲೇ ಬಿಡಬೇಕು. ಯಾರು ಅಂತ ನೀವೇ ಹೇಳಿ."

ಕಾವೇರಮ್ಮ ಬಾಯಿ ತೆರೆಯುವ ಮೊದಲೇ ಬೋರಲಿಂಗಯ್ಯ ಎದೆ ಉಬ್ಬಿಸಿದ. "ಅವ್ಳೇ ಬುಡ್ತಾಳೆ ಸಾ. ಹೆಂಗ್ಸು, ಮನೆ ನೋಡ್ಕೊಂಡಿರ್ಲಿ."

ಅವಳ ಸಂಬಳ ಅವನದಕ್ಕಿಂತ ಹೆಚ್ಚು, ಮಗಳ ಓದು ನಿಂತಿದ್ದೇ ಅದರ ಮೇಲೆ. ಮೀಸೆಯ ಮುಂದೆ ಅದೆಲ್ಲ ಯಾವ ಲೆಕ್ಕ? ನನಗಂತೂ ಥೂ ಅನ್ನಿಸಿತು.

ಕಾವೇರಮ್ಮ ಬಾಯಿಂದ ಸೆರಗು ಬಿಟ್ಟಳು. ಇಡೀ ಷೆಡ್ಡಿಗೆ ಕೇಳುವಂತೆ ಕೂಗಿದಳು.

"ಬೋರಲಿಂಗಯ್ಯಾ! ಬುತ್ತಿ ತಕ್ಕಂಡು ಮನೆಗೋಗು. ಸಂಜೀಕೆ ಮುದ್ದೆ ನೀನೇ ತೊಳ್ಸಿಡು!"

ಅವನು ತಲೆ ತಗ್ಗಿಸಿ ಹೋದ. ಅತ್ತೆಯ ಮಾತು ಶುದ್ಧ ಸುಳ್ಳು. ಹೆಸರು ಕೂಗಿಸಿಕೊಂಡವನು ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾನೆ, ಮುದ್ದೆಯಲ್ಲಿ ಮಾತ್ರ ಇನ್ನೂ ಗಂಟು ಉಳಿಸುತ್ತಾನಂತೆ.